ಡಬ್ಬಿ ಹುಡುಕಲು ಯಾವ ನಕಾಶೆ? ಕೃಷ್ಣಾ ತೀರದ ಅನುಭವದ ಪಾಠಗಳು

2000ನೇ ಇಸವಿಯ ಮೇ ತಿಂಗಳಿಗೆ ಮೊದಲು ಜನಸಾಮಾನ್ಯರ ಕೈಯ ಜಿಪಿಎಸ್ ಸಾಧನ ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ಉಪಗ್ರಹದ ಸಂಕೇತದಲ್ಲಿ ಅಮೆರಿಕ ಸರ್ಕಾರ ಬೇಕೆಂದೇ ಬೆರೆಸುತ್ತಿದ್ದ ದೋಷ ಅದಕ್ಕೆ ಕಾರಣ. ಮೇ 2ರಂದು ಆ ದೋಷವನ್ನು ತೆಗೆದರು. ಮರುದಿನವೇ ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ಟಿನಲ್ಲಿ ಕೆಲವು ಸಾಮಾನು ತುಂಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಅಂತರ್ಜಾಲದಲ್ಲಿ ಹಾಕಿದ. ಕೆಲವೇ ದಿನಗಳಲ್ಲಿ ಇನ್ನೊಬ್ಬ ಅದನ್ನು ಹುಡುಕಿ ತೆಗೆದ. ಜಿಯೋಕ್ಯಾಚಿಂಗ್ ಶುರುವಾದದ್ದು ಹೀಗೆ. ಯಾರೋ ಇಟ್ಟ ಡಬ್ಬಿಯನ್ನು ಅಂಕಿಗಳ ಜಾಡು ಹಿಡಿದು ಹುಡುಕುವುದು, ಒಳಗಿನ ವಹಿಯಲ್ಲಿ ಹೆಸರು ಬರೆಯುವುದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುವುದು. ಆಟ ಅಷ್ಟೇ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ನೋಂದಾಯಿತ ಡಬ್ಬಿಗಳು ವಿರಳ. ಹಾಗಾಗಿ ಗೆಳೆಯರು, ಮನೆಯ ಹುಡುಗರು ಸೇರಿಕೊಂಡು ನಾವೇ ಇಟ್ಟು ನಾವೇ ಹುಡುಕುವುದು ಹೆಚ್ಚು. ಹೊಸದಾಗಿ ಸೇರಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಫೋನಿಗೆ ಯಾವ ನಕಾಶೆ ಹಾಕಿಕೊಳ್ಳಬೇಕು? ಬಹಳ ಕಾಲ ಇದಕ್ಕೆ ನಾನು ಒಂದೇ ಹೆಸರು ಹೇಳುತ್ತಿದ್ದೆ. ಆ ಉತ್ತರ ನಂಬಿ ಹೋದವರಿಗೆ ತೊಂದರೆಯಾದದ್ದೂ ಇದೆ. ಈಗ ನಾನು ತಂತ್ರಾಂಶದ ಸೊಗಸನ್ನು ಕೊನೆಗೆ ನೋಡುತ್ತೇನೆ. ಈ ನೆಲದ ಬಗ್ಗೆ ನನಗೆ ಗೊತ್ತಿರುವುದನ್ನು ಅದರಲ್ಲಿ ಬರೆಯಲು ಬರುತ್ತದೆಯೇ, ಬರೆದದ್ದನ್ನು ಮರಳಿ ಹೊರತೆಗೆಯಲು ಬರುತ್ತದೆಯೇ ಎಂಬುದನ್ನು ಮೊದಲು ನೋಡುತ್ತೇನೆ. ಅಲ್ಲಿಗೆ ಬಂದ ದಾರಿ ಇದು.

1. ಅಂಕಿಯನ್ನು ಯಾವ ಕ್ರಮದಲ್ಲಿ ಬರೆದಿದ್ದಾರೆ, ಮೊದಲು ಅದನ್ನು ನೋಡಿ.

ಜಿಯೋಕ್ಯಾಚಿಂಗಿನಲ್ಲಿ ಜಾಗವನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳಲ್ಲಿ ಬರೆಯುವುದು ರೂಢಿ. ಉತ್ತರ 16° 26.000', ಪೂರ್ವ 74° 36.000' ಎಂದರೆ ಚಿಕ್ಕೋಡಿ. ಫೋನಿನ ಸಾಮಾನ್ಯ ನಕಾಶೆಗಳು ಬಹುತೇಕ ದಶಮಾಂಶ ಡಿಗ್ರಿಯಲ್ಲಿ ಕೇಳುತ್ತವೆ. ಆ ಕ್ರಮದಲ್ಲಿ ಇದೇ ಜಾಗ 16.4333, 74.6000. ಮಿನಿಟಿನ ಗುರುತನ್ನು ಬಿಟ್ಟು 16.26, 74.36 ಎಂದು ಒತ್ತಿದರೆ ಗುರುತು ಹೋಗಿ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ಹತ್ತಿರ ಬೀಳುತ್ತದೆ. ಮೂವತ್ತು ಕಿಲೋಮೀಟರಿಗೂ ಹೆಚ್ಚಿನ ಅಂತರ. ನಾನು ಮಾಡಿದ್ದು ಇದನ್ನೇ. ತಂತ್ರಾಂಶ ಏನೂ ತಕರಾರು ಮಾಡಲಿಲ್ಲ, ಏಕೆಂದರೆ ಅದೂ ಭೂಮಿಯ ಮೇಲಿನ ಒಂದು ನಿಜವಾದ ಜಾಗವೇ. ಸಂಕೇಶ್ವರ ದಾಟಿದ ಮೇಲೆ ಹಿಂದೆ ಕೂತ ಹುಡುಗ ಕೇಳಿದ, ಚಿಕ್ಕೋಡಿ ಡಬ್ಬಿಗೆ ಈ ಕಡೆ ಯಾಕೆ ಹೊರಟಿದ್ದೇವೆ ಎಂದು.

ಡಿಗ್ರಿ-ಮಿನಿಟು-ಸೆಕೆಂಡು, ಡಿಗ್ರಿ-ದಶಮಾಂಶ ಮಿನಿಟು, ದಶಮಾಂಶ ಡಿಗ್ರಿ, ಈ ಮೂರೂ ಕ್ರಮಗಳನ್ನು ಒಪ್ಪುವ ತಂತ್ರಾಂಶ ಬೇಕು. ಕೊಟ್ಟ ಅಂಕಿಯನ್ನು ತಾನು ಹೇಗೆ ಓದಿಕೊಂಡೆ ಎಂದು ಅದು ಪರದೆಯ ಮೇಲೆ ತಿರುಗಿ ತೋರಿಸಬೇಕು. ಮಿನಿಟಿನ ಮೂರನೇ ದಶಮಾಂಶ ಸ್ಥಾನವೆಂದರೆ ನೆಲದ ಮೇಲೆ ಎರಡು ಮೀಟರಿಗಿಂತ ಕಡಿಮೆ. ಆ ಮೂರೂ ಅಂಕೆಗಳನ್ನು ಪೂರ್ತಿ ಬರೆದುಕೊಳ್ಳಿ.

2. ಊರಿನ ಹೆಸರು ಕೊಟ್ಟು ಹುಡುಕಿದರೆ ಊರೇ ಸಿಗುತ್ತದೆ ಎಂದಿಲ್ಲ.

ಮಿರಜ–ಲೋಂಡಾ ರೈಲು ಮಾರ್ಗದಲ್ಲಿ ರಾಯಬಾಗ ದಾಟಿದ ಮೇಲೆ ಚಿಕ್ಕೋಡಿ ರೋಡ್ ಎಂಬ ನಿಲ್ದಾಣವಿದೆ. ಊರಿನಿಂದ ಅದು ಎಷ್ಟೋ ದೂರ. ಹೊರಗಿನಿಂದ ರೈಲಿನಲ್ಲಿ ಬಂದ ಗೆಳೆಯರಿಗೆ ನಾನು ಚಿಕ್ಕೋಡಿ ಎಂಬ ಹೆಸರು ಹೇಳಿದೆನೇ ಹೊರತು ಅಂಕಿ ಕಳಿಸಲಿಲ್ಲ. ಅವರು ಅಲ್ಲಿ ಇಳಿದು ಬಸ್ಸಿಗೆ ಕಾದು ಅರ್ಧ ದಿನ ಕಳೆದರು. ಉಗಾರ ಖುರ್ದ, ಉಗಾರ ಬುದ್ರುಕ ಎಂಬ ಜೋಡಿ ಊರುಗಳಲ್ಲೂ ಇದೇ ಗೊಂದಲ. ಗಡಿಯ ಊರುಗಳ ಹೆಸರನ್ನು ಕನ್ನಡದವರು ಒಂದು ರೀತಿ, ಮರಾಠಿಯವರು ಒಂದು ರೀತಿ, ರೈಲ್ವೆಯವರು ಮತ್ತೊಂದು ರೀತಿ ಬರೆಯುತ್ತಾರೆ. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕಾಶೆಯಾದ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದೇ ಊರಿಗೆ ಕನ್ನಡದ ಹೆಸರು, ಮರಾಠಿಯ ಹೆಸರು ಎಂದು ಬೇರೆ ಬೇರೆ ಅಂಕಣಗಳಿವೆ. ಹೊಸ ತಂತ್ರಾಂಶ ಹಾಕಿಕೊಂಡಾಗ ನಾನು ಮೊದಲು ಕನ್ನಡ ಅಕ್ಷರದಲ್ಲಿ ‘ಶೇಡಬಾಳ’ ಎಂದು ಬರೆದು ಹುಡುಕುತ್ತೇನೆ. ಸಿಕ್ಕರೆ ಅದು ನಮ್ಮ ಕಡೆ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಾತು. ಕಾಗವಾಡ, ನಿಪ್ಪಾಣಿ ತಾಲ್ಲೂಕುಗಳಾದದ್ದು 2018ರ ಹೊತ್ತಿಗೆ. ಅದಕ್ಕೂ ಮೊದಲಿನ ದತ್ತಾಂಶದಲ್ಲಿ ಕಾಗವಾಡ ಅಥಣಿಯೊಳಗೆ, ನಿಪ್ಪಾಣಿ ಚಿಕ್ಕೋಡಿಯೊಳಗೆ ಇರುತ್ತವೆ. ತಾಲ್ಲೂಕಿನ ಹೆಸರಿನ ಮೇಲೆ ಊರುಗಳನ್ನು ಸೋಸಿ ತೆಗೆದರೆ ಕೆಲವು ಊರುಗಳು ಬಿಟ್ಟುಹೋಗುತ್ತವೆ.

3. ಗಡಿಯ ಎರಡೂ ಬದಿಯ ನಕಾಶೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ.

ಕಾಗವಾಡದಿಂದ ಮಿರಜ ಹತ್ತಿರ. ಬೋರಗಾಂವದಿಂದ ಇಚಲಕರಂಜಿ ಹತ್ತಿರ. ಹೊಲದ ನಡುವೆ ಹೋಗುತ್ತಿರುವಾಗ ಯಾವಾಗ ಮಹಾರಾಷ್ಟ್ರದೊಳಗೆ ಕಾಲಿಟ್ಟೆವೆಂದು ತಿಳಿಯುವುದೇ ಇಲ್ಲ. ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುವ ಓಸ್‌ಮ್ಯಾಂಡ್‌ನಂಥ ತಂತ್ರಾಂಶಗಳು ಭಾರತದ ನಕಾಶೆಯನ್ನು ರಾಜ್ಯವಾರು ಕಡತಗಳಾಗಿ ಕೊಡುತ್ತವೆ. ಕರ್ನಾಟಕದ ಕಡತವೊಂದನ್ನೇ ಇಳಿಸಿಕೊಂಡರೆ ಗಡಿಯಾಚೆ ರಸ್ತೆಗಳೇ ಇರುವುದಿಲ್ಲ. ದಾರಿ ಲೆಕ್ಕ ಹಾಕುವ ಭಾಗಕ್ಕೂ ಆ ರಸ್ತೆಗಳು ಕಾಣುವುದಿಲ್ಲವಾದ್ದರಿಂದ ಅದು ನಮ್ಮನ್ನು ಸುತ್ತಿಸುತ್ತದೆ. ಕಾಗವಾಡದಿಂದ ಸದಲಗಾ ಕಡೆ ಬರಲು ಶಿರೋಳ ತಾಲ್ಲೂಕಿನೊಳಗೆ ಹಾಯುವ ದಾರಿಗಳಿವೆ. ನಾನು ಆ ಕಡೆ ಹೊರಟ ದಿನ ಅವು ನನ್ನ ಪರದೆಯ ಮೇಲೆ ಇರಲಿಲ್ಲ. ಮಹಾರಾಷ್ಟ್ರದ ಕಡತ ಇಳಿಸಿಕೊಳ್ಳೋಣವೆಂದರೆ ಅಲ್ಲಿ ನೆಟ್‌ವರ್ಕೂ ಇರಲಿಲ್ಲ.

4. ನಕಾಶೆಯಲ್ಲಿ ಪೂಲು ಇದೆ ಎಂದರೆ ದಾಟಬಹುದು ಎಂದಲ್ಲ.

ಈ ಪಾಠಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಮೇಲೆ ನಮ್ಮಲ್ಲಿ ತಗ್ಗಿನ ಪೂಲುಗಳು ಬಹಳ. ಬಾಂದಾರದ ಮೇಲೆಯೇ ರಸ್ತೆ ಹಾಯ್ದಿರುವ ಕಡೆಗಳೂ ಇವೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭಿವಶಿ: ಮಳೆಗಾಲದಲ್ಲಿ ಮುಳುಗಡೆಯ ಸುದ್ದಿಯಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳಿವು. ಮುಳುಗಿಸುವ ನೀರು ನಮ್ಮ ಮಳೆಯದ್ದಲ್ಲ. ಸಹ್ಯಾದ್ರಿಯ ನೆತ್ತಿಯಲ್ಲಿ ಮಳೆ ಹಿಡಿದು, ಕೊಯ್ನಾ, ರಾಧಾನಗರಿಯಂಥ ಜಲಾಶಯಗಳಿಂದ ನೀರು ಬಿಟ್ಟರೆ ಇಲ್ಲಿ ನದಿ ಏರುತ್ತದೆ. ಅಥಣಿಯ ಕಡೆ ಬಿಸಿಲು ಹೊಡೆಯುತ್ತಿರುವಾಗಲೇ ಯಡೂರಿನ ಹತ್ತಿರ ಪೂಲು ನೀರಿನಡಿ ಇರಬಹುದು. ಆದ್ದರಿಂದ ಮುಗಿಲು ನೋಡಿ ಹೊರಡುವುದು ಇಲ್ಲಿ ಸಾಲದು.

ಒಂದು ಜುಲೈಯಲ್ಲಿ ನಿಪ್ಪಾಣಿಯಿಂದ ಯಡೂರಿಗೆ ಸುತ್ತಾಟ ಹಾಕಿದ್ದೆ. ನದಿಯ ಎರಡೂ ದಂಡೆಗೆ ಡಬ್ಬಿಗಳು, ನಡುವೆ ವೀರಭದ್ರನ ಗುಡಿಗೆ ಹೋಗಿ ಬರುವುದು, ಎಲ್ಲವನ್ನೂ ಜೋಡಿಸಿ ಕೊಟ್ಟಿದ್ದು ಫೋನಿನ ನಕಾಶೆಯೇ. ಗಂಟೆ, ಮಿನಿಟು ಸಹಿತ ಬರೆದು ಹುಡುಗರಿಗೆ ಹಂಚಿದ್ದೆ. ಕಲ್ಲೋಳದ ಬದಿಗೆ ಬಂದರೆ ರಸ್ತೆಗೆ ಅಡ್ಡ ಮುಳ್ಳಿನ ಕಂಟಿ, ಮುಂದೆ ಬರೀ ಕೆಂಪು ನೀರು. ಅಲ್ಲಿದ್ದ ಹಿರಿಯರೊಬ್ಬರು ಹೇಳಿದರು: “ಪೂಲು ಮುಳಗಿ ನಾಕ ದಿನಾ ಆತ್ರಿ. ನೀರ ಇಳದ ಮ್ಯಾಲ ಬರ್ರಿ.” ಪರದೆಯ ಮೇಲೆ ಮಾತ್ರ ದಾರಿ ಇನ್ನೂ ನೀಲಿ ಗೆರೆಯಾಗಿ ನೀರಿನ ಮೇಲೆ ಹಾಯ್ದಿತ್ತು. ಕತ್ತಲಲ್ಲಿ ಬಂದಿದ್ದರೆ, ಕಂಟಿ ಹಾಕಿರದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವನು ಒಬ್ಬರಿಗಾದರೂ ಫೋನು ಮಾಡಿ ನೀರಿನ ಸುದ್ದಿ ಕೇಳಬೇಕಿತ್ತು. 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಏರಿ ರಾಷ್ಟ್ರೀಯ ಹೆದ್ದಾರಿಯೇ ನಿಂತುಹೋಗಿತ್ತು. ಹೆದ್ದಾರಿಯ ಗತಿ ಹೀಗಾದರೆ ಬಾಂದಾರದ ಮೇಲಿನ ಹಾದಿಯ ಮಾತೇನು?

ಅಂದಿನಿಂದ ನಾನು ತಂತ್ರಾಂಶದಲ್ಲಿ ಮೊದಲು ಹುಡುಕುವ ಸೌಲಭ್ಯ ಒಂದೇ: ಇಂಥ ರಸ್ತೆಯಲ್ಲಿ ಹೋಗಬೇಡ ಎಂದು ಅದಕ್ಕೆ ಹೇಳಲು ಬರುತ್ತದೆಯೇ? ಓಸ್‌ಮ್ಯಾಂಡ್‌ನಲ್ಲಿ ನಕಾಶೆಯ ಮೇಲೆ ರಸ್ತೆಯನ್ನು ಮುಟ್ಟಿ ಅದನ್ನು ಬಿಡು ಎಂದು ಗುರುತಿಸಬಹುದು. ಬಿರೂಟರ್ ಎಂಬ ಮುಕ್ತ ತಂತ್ರಾಂಶದಲ್ಲಿ ನಿಷಿದ್ಧ ವಲಯಗಳನ್ನೇ ಬರೆದಿಡಬಹುದು. ದಾರಿ ಅವುಗಳನ್ನು ಬಳಸಿ ಹೋಗುತ್ತದೆ. ಮುಳುಗುವ ಪೂಲುಗಳದ್ದೇ ಒಂದು ಪದರ ಮಾಡಿಟ್ಟುಕೊಂಡಿದ್ದೇನೆ. ಪ್ರತಿ ಪೂಲಿಗೆ ಒಂದು ಕೆಂಪು ಚುಕ್ಕೆ, ಅದರ ಜೊತೆ ಆ ವರ್ಷ ಯಾವಾಗ ಮುಳುಗಿತು, ಯಾವಾಗ ತೆರೆಯಿತು ಎಂಬ ಟಿಪ್ಪಣಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಪದರ ಹಾಕಿಕೊಂಡೇ ಯೋಜನೆ. ಆ ತಿಂಗಳುಗಳಲ್ಲಿ ಒಂದು ಸುತ್ತಾಟ ನದಿಯ ಒಂದೇ ದಂಡೆಗೆ ಸೀಮಿತ.

ದಂಡೆಯ ಡಬ್ಬಿಗಳ ಬಗ್ಗೆಯೂ ಹೇಳಬೇಕು. ಬೇಸಗೆಯಲ್ಲಿ ನೀರಿನಿಂದ ಸಾಕಷ್ಟು ಮೇಲೆ ಎಂದು ನಾನು ಇಟ್ಟ ಡಬ್ಬಿಗಳನ್ನು ನದಿ ಒಯ್ದಿತು. ಆಟದ ನಷ್ಟ ಹೋಗಲಿ, ನದಿಗೆ ಪ್ಲಾಸ್ಟಿಕ್ ಹಾಕಿದಂತಾಯಿತಲ್ಲ ಎಂಬುದು ದೊಡ್ಡ ಸಂಕಟ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳು ಉಚಿತವಾಗಿ ಸಿಗುತ್ತವೆ. ರೇಡಾರ್ ಆದ್ದರಿಂದ ಮೋಡ ಅಡ್ಡಬರುವುದಿಲ್ಲ. 2019ರ ಆಗಸ್ಟಿನ ಚಿತ್ರ ತೆರೆದು ನೋಡಿದರೆ ನೀರು ಹರಡಿದ ಪ್ರದೇಶ ಕಪ್ಪಾಗಿ ಕಾಣುತ್ತದೆ. ಆ ಕಪ್ಪಿನೊಳಗೆ ಈಗ ಏನನ್ನೂ ಇಡುವುದಿಲ್ಲ.

5. ಉಪಗ್ರಹ ಚಿತ್ರಕ್ಕೂ ತಾರೀಖು ಇರುತ್ತದೆ.

ಕಬ್ಬಿನ ನಾಡಿನಲ್ಲಿ ಇದನ್ನು ಮರೆಯಬಾರದು. ಕಟಾವಾದ ಹೊಲದಲ್ಲಿ ಬದು, ಬಾವಿ, ಕಾಲುದಾರಿ, ಒಂಟಿ ಬೇವಿನ ಮರ ಎಲ್ಲವೂ ಮೇಲಿನಿಂದ ಕಾಣುತ್ತವೆ. ಅದೇ ಹೊಲ ಆರು ತಿಂಗಳ ಮೇಲೆ ಆಳೆತ್ತರ ಮೀರಿದ ಗೋಡೆ. ನಕಾಶೆಯ ಹಿನ್ನೆಲೆಗೆ ಹಾಕಿದ ಚಿತ್ರ ಯಾವ ತಿಂಗಳಿನದು ಎಂದು ನೋಡದೆ ನಾನು ಉಗಾರದ ಕಡೆ ಒಂದು ಹಳೇ ಬಾವಿಯ ಹತ್ತಿರ ಡಬ್ಬಿ ಇಡಿಸಿ, ದಸರೆಗೆ ಮುಂಚೆ ಹುಡುಕಲು ಹುಡುಗರನ್ನು ಕರೆದೊಯ್ದೆ. ಇನ್ನೂರು ಮೀಟರು ಎಂದು ಬಾಣ ತೋರಿಸುತ್ತಿತ್ತು. ನಡುವೆ ಬೆಳೆದು ನಿಂತ ಕಬ್ಬು. ಒಳಗೆ ನುಗ್ಗಿದೆವು. ಎಲೆಯಂಚು ಮುಖ, ಕೈ ಎಲ್ಲ ಗೀರಿತು. ಕಾಲಡಿ ರವದಿ, ಅದರಲ್ಲಿ ಏನು ಮಲಗಿದೆಯೋ ಕಾಣುವುದಿಲ್ಲ. ಐದು ಹೆಜ್ಜೆ ಹಿಂದಿದ್ದ ಹುಡುಗ ಕಣ್ಣಿಗೆ ಬೀಳದಂತಾದಾಗ ಹೆದರಿ ಎಲ್ಲರನ್ನೂ ಹಿಂದೆ ಕರೆದೆ. ರೈತ ಬೆಳೆಸಿದ ಬೆಳೆಯನ್ನು ತುಳಿದದ್ದು ಬೇರೆ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು ಚಹಾ ಕೊಟ್ಟು, ಬಾವಿಗೆ ಇನ್ನೊಂದು ಕಡೆಯಿಂದ ಎತ್ತಿನ ಗಾಡಿಯ ಹಾದಿ ಇದೆ ಎಂದು ತೋರಿಸಿದರು. ಯಾವ ನಕಾಶೆಯಲ್ಲೂ ಆ ಹಾದಿ ಇರಲಿಲ್ಲ.

ಈಗ ಎರಡು ಕೆಲಸ ಮಾಡುತ್ತೇನೆ. ಒಂದು, ಗೂಗಲ್ ಅರ್ಥ್ ಪ್ರೊದಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ಸರಿಸಿ, ಹೊಲ ಬರಿದಾಗಿದ್ದ ವರ್ಷದ ಚಿತ್ರದಲ್ಲಿ ಹಾದಿಗಳನ್ನು ಗುರುತಿಸುತ್ತೇನೆ. ಎರಡು, ಹೊರಡುವ ವಾರ ಸೆಂಟಿನೆಲ್-2ರ ಚಿತ್ರ ನೋಡುತ್ತೇನೆ. ಅದರ ಒಂದು ಚುಕ್ಕೆ ನೆಲದ ಮೇಲೆ ಹತ್ತು ಮೀಟರು. ಬಾವಿ ಕಾಣದು, ಆದರೆ ಕಬ್ಬು ನಿಂತಿದೆಯೋ ಕಡಿದಾಗಿದೆಯೋ ಎಂಬುದು ಹಸಿರು, ಕಂದು ಬಣ್ಣದಲ್ಲೇ ತಿಳಿಯುತ್ತದೆ. ಮೋಡವಿಲ್ಲದಿದ್ದರೆ ಸುಮಾರು ಐದು ದಿನಕ್ಕೊಂದು ಹೊಸ ಚಿತ್ರ ಬರುತ್ತದೆ. ಕಾರ್ಖಾನೆಗಳು ಶುರುವಾಗಿ ಕಟಾವಿನ ಗ್ಯಾಂಗುಗಳು ಬಂದಮೇಲೆ ಯಾವ ಹೊಲ ತೆರವಾಯಿತು ಎಂದು ಮನೆಯಲ್ಲೇ ಕೂತು ನೋಡಬಹುದು. ಹೊಲದೊಳಗಿನ ಡಬ್ಬಿಗಳ ಸುತ್ತಾಟವೆಲ್ಲ ಈಗ ಚಳಿಗಾಲದ ನಂತರವೇ. ನೇರ ಬಾಣವನ್ನು ಮಾತ್ರ ತೋರಿಸಿ ಕಾಲುದಾರಿ ತೋರಿಸದ ತಂತ್ರಾಂಶವನ್ನು ಕೊನೆಯ ಐವತ್ತು ಮೀಟರಿಗೆ ಮಾತ್ರ ಬಳಸುತ್ತೇನೆ.

6. ಇದು ಯಾರ ಹೊಲ ಎಂದು ಹೇಳುವ ನಕಾಶೆಯೂ ಬೇಕು.

ಆ ರೈತರ ಮನೆಯಿಂದ ಕಲಿತದ್ದು ಇದು. ಡಬ್ಬಿ ಇಡಲು ಜಾಗದ ಮಾಲೀಕರ ಒಪ್ಪಿಗೆ ಬೇಕು, ನೆಲ ಅಗೆಯಬಾರದು, ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರು ಅಂತರವಿರಬೇಕು. ಇವು ಆಟದ ನಿಯಮಗಳು. ಒಪ್ಪಿಗೆ ಕೇಳಬೇಕಾದರೆ ಮಾಲೀಕರು ಯಾರೆಂದು ಗೊತ್ತಾಗಬೇಕು. ಕರ್ನಾಟಕದ ದೂರ ಸಂವೇದಿ ಕೇಂದ್ರ ಸಿದ್ಧಪಡಿಸಿದ ದಿಶಾಂಕ್ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಅದನ್ನು ಹಿಡಿದು ಪಹಣಿಯಲ್ಲಿ ಹೆಸರು ನೋಡಬಹುದು. ಜಿಯೋಕ್ಯಾಚಿಂಗಿಗಾಗಿ ಮಾಡಿದ್ದಲ್ಲದಿದ್ದರೂ ನನಗೆ ಇಷ್ಟು ಉಪಕಾರವಾದ ಆ್ಯಪ್ ಇನ್ನೊಂದಿಲ್ಲ. ಗೆರೆಗಳು ಕೆಲವು ಮೀಟರು ಸರಿದಿರಬಹುದು. ಆದ್ದರಿಂದ ಬದುವಿನ ಮೇಲೆ ಇಡುವುದಾದರೆ ಎರಡೂ ಬದಿಯವರನ್ನು ಕೇಳುವುದು ಒಳ್ಳೆಯದು. ಗಡಿಯಾಚೆ ಇದು ನಡೆಯದು. ಮಹಾರಾಷ್ಟ್ರಕ್ಕೆ ಮಹಾಭೂನಕಾಶಾ ಎಂಬ ಬೇರೆಯೇ ವ್ಯವಸ್ಥೆಯಿದೆ.

ಒಪ್ಪಿಗೆ ಸಿಕ್ಕರೂ ಇಡಬಾರದ ಜಾಗಗಳಿವೆ: ಪೂಲಿನ ಕೆಳಗೆ, ರೈಲು ಹಳಿಯ ಪಕ್ಕ, ಬಾಂದಾರದ ಗೇಟಿನ ಹತ್ತಿರ, ಗುಡಿ, ಬಸದಿ, ದರ್ಗಾಗಳ ಗೋಡೆಯಲ್ಲಿ. ಗುರುತಿಲ್ಲದ ಡಬ್ಬಿ ಕಂಡರೆ ಜನ ಹೆದರುವುದು ಸಹಜ. ಪಾರದರ್ಶಕ ಡಬ್ಬಿ ಬಳಸಿ. ಅದರ ಮೇಲೆ ಇದು ಏನು, ಯಾರು ಇಟ್ಟದ್ದು ಎಂದು ಕನ್ನಡ, ಮರಾಠಿ ಎರಡರಲ್ಲೂ ಬರೆದಿರಲಿ.

7. ಹಳೆಯ ಹಾಳೆಗಳನ್ನು ತೆರೆಯಿರಿ. ಆದರೆ ಅವುಗಳ ಲೆಕ್ಕ ತಿಳಿದುಕೊಂಡು.

1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳಲ್ಲಿ ಎರಡು ಸೆಂಟಿಮೀಟರು ಎಂದರೆ ನೆಲದ ಮೇಲೆ ಒಂದು ಕಿಲೋಮೀಟರು. ಹಳೆಯ ಸಂಖ್ಯಾ ಕ್ರಮದಲ್ಲಿ ನಿಪ್ಪಾಣಿ 47 ಎಲ್/7, ಚಿಕ್ಕೋಡಿ 47 ಎಲ್/11, ಕಾಗವಾಡ 47 ಎಲ್/10, ರಾಯಬಾಗ 47 ಎಲ್/15. ಅಥಣಿ ಮಾತ್ರ 47 ಪಿ/2. ಏಕೆಂದರೆ ಎಲ್, ಪಿ ಹಾಳೆಗಳನ್ನು ಬೇರ್ಪಡಿಸುವ 75ನೇ ರೇಖಾಂಶ ಅಥಣಿ ಪಟ್ಟಣದ ಸ್ವಲ್ಪ ಪಶ್ಚಿಮಕ್ಕೆ ಹಾಯುತ್ತದೆ. ಜಾಗವನ್ನು ಮೀಟರುಗಳಲ್ಲಿ ಹೇಳುವ ಯುಟಿಎಂ ಕ್ರಮದ 43ನೇ ವಲಯದ ನಡುಗೆರೆಯೂ ಅದೇ. ಅಲ್ಲಿ ಪೂರ್ವಾಂಕ (ಪೂರ್ವ-ಪಶ್ಚಿಮದ ಅಳತೆ) ಸರಿಯಾಗಿ 5,00,000 ಮೀಟರು. ಹುಡುಗರನ್ನು ಅಲ್ಲಿಗೆ ಕರೆದೊಯ್ದು, ಫೋನಿನಲ್ಲಿ ಆ ಅಂಕಿ ಬರುವ ತನಕ ನಡೆಸಿದರೆ ಭೂಗೋಳದ ಪಾಠ ಅಂಗಾಲಿಗೆ ಹತ್ತುತ್ತದೆ.

ಹಳ್ಳಗಳು, ಬಾವಿಗಳು, ಗಾಡಿ ಹಾದಿಗಳು, ಸಣ್ಣ ಗುಡಿಗಳು: ಫೋನಿನ ನಕಾಶೆಗಳು ಬಿಟ್ಟದ್ದನ್ನು ಈ ಹಾಳೆಗಳು ಹಿಡಿದಿಟ್ಟಿವೆ. ತೊಡಕು ಬೇರೆಡೆ ಇದೆ. ಹಳೆಯ ಹಾಳೆಗಳ ಲೆಕ್ಕ ಭೂಮಿಯ ಆಕಾರದ ಎವರೆಸ್ಟ್ ಗೋಲಾಭ ಎಂಬ ಮಾದರಿಯ ಮೇಲೆ ನಿಂತದ್ದು, ಜಿಪಿಎಸ್‌ನದು ಡಬ್ಲ್ಯುಜಿಎಸ್ 84ರ ಮೇಲೆ. ಪರಿವರ್ತಿಸದೆ ಒಂದರ ಮೇಲೊಂದು ಹೊಂದಿಸಿದರೆ ಗುರುತುಗಳು ನೂರು ಮೀಟರಿಗೂ ಹೆಚ್ಚು ಸರಿಯಬಹುದು. ಹಾಗೆ ಸರಿದ ಹಾಳೆಯೊಂದನ್ನು ನಂಬಿ ನಾನು ಇಲ್ಲದ ಬಾವಿಯನ್ನು ಸಂಜೆಯ ತನಕ ಹುಡುಕಿದ್ದೇನೆ. ಗಣಕದಲ್ಲಿ ನಕಾಶೆ ಕೆಲಸಕ್ಕಿರುವ ಕ್ಯೂಜಿಐಎಸ್‌ನಲ್ಲಿ ಹಾಳೆಯ ಮೂಲ ಲೆಕ್ಕ ಯಾವುದೆಂದು ಹೇಳಿದರೆ ಅದೇ ಪರಿವರ್ತಿಸುತ್ತದೆ. 2005ರ ರಾಷ್ಟ್ರೀಯ ನಕಾಶೆ ನೀತಿಯ ನಂತರದ ಮುಕ್ತ ಶ್ರೇಣಿಯ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲೇ ಇವೆ. ಹೊಸಬರು ಅವುಗಳಿಂದ ಶುರುಮಾಡುವುದು ಸುಲಭ.

8. ಗುರುತುಗಳನ್ನು ತುಂಬುವ ಮೊದಲು ಹೊರತೆಗೆದು ನೋಡಿ.

ಒಂದು ಆ್ಯಪ್‌ನಲ್ಲಿ ವರ್ಷಗಟ್ಟಲೆ ಗುರುತುಗಳನ್ನು ಕೂಡಿಸಿದ್ದೆ. ಫೋನು ಬದಲಿಸಿದಾಗ ಅವು ಹೊರಗೆ ಬರಲಿಲ್ಲ. ಅದಕ್ಕೇ ಈಗ ಮೊದಲ ದಿನವೇ ಒಂದು ಗುರುತು ಹಾಕಿ, ಅದನ್ನು ಬಹುತೇಕ ನಕಾಶೆ ತಂತ್ರಾಂಶಗಳು ಓದುವ ಜಿಪಿಎಕ್ಸ್ ಕಡತವಾಗಿ ತೆಗೆದು, ಬೇರೆ ತಂತ್ರಾಂಶದಲ್ಲಿ ತೆರೆದು ನೋಡುತ್ತೇನೆ. ಟಿಪ್ಪಣಿಯ ಕನ್ನಡ ಅಕ್ಷರಗಳು ಹಾಗೆಯೇ ಉಳಿದಿವೆಯೇ ಎಂಬುದನ್ನೂ ನೋಡಬೇಕು. ಯೋಜನೆ ಮನೆಯ ದೊಡ್ಡ ಪರದೆಯ ಮೇಲೆ ಕ್ಯೂಜಿಐಎಸ್‌ನಲ್ಲಿ. ಹೊಲದಲ್ಲಿ ದಾರಿಗೆ ಓಸ್‌ಮ್ಯಾಂಡ್, ಡಬ್ಬಿ ಹುಡುಕಲು ಸಿ:ಜಿಯೋ ಎಂಬ ಆ್ಯಪ್. ಇವುಗಳ ನಡುವೆ ಓಡಾಡುವುದು ಆ ಜಿಪಿಎಕ್ಸ್ ಕಡತವೊಂದೇ.

9. ಪ್ರತಿ ನಿಲುಗಡೆಗೂ ಡಬ್ಬಿ ಬೇಕೆಂದಿಲ್ಲ.

ಹಲವು ಹಂತಗಳ ಆಟದಲ್ಲಿ ಮೊದಲ ಜಾಗದ ಫಲಕದಲ್ಲಿರುವ ಇಸವಿಯೋ ಅಂಕಿಯೋ ಮುಂದಿನ ಜಾಗದ ಸುಳಿವಾಗುತ್ತದೆ. ನಮ್ಮ ಸೀಮೆಗೆ ಇದು ಹೇಳಿ ಮಾಡಿಸಿದಂತಿದೆ. ಇಪ್ಪತ್ತನೆಯ ಶತಮಾನದ ದಿಗಂಬರ ಜೈನ ಪರಂಪರೆಯ ಹಿರಿಯರ ಊರುಗಳು ಇಲ್ಲಿ ಒಂದರ ಹತ್ತಿರ ಒಂದಿವೆ: ಆಚಾರ್ಯ ಶಾಂತಿಸಾಗರರ ಭೋಜ, ದೇಶಭೂಷಣರ ಕೋಥಳಿ, 1946ರಲ್ಲಿ ವಿದ್ಯಾಸಾಗರರು ಹುಟ್ಟಿದ ಸದಲಗಾ, 1925ರಲ್ಲಿ ವಿದ್ಯಾನಂದರು ಹುಟ್ಟಿದ ಶೇಡಬಾಳ. ಈ ನಾಲ್ಕನ್ನು ಪೋಣಿಸಿ ಮಾಡಿದ ಸುತ್ತಾಟದಲ್ಲಿ ಯಾವ ಪವಿತ್ರ ಸ್ಥಳದಲ್ಲೂ ಏನನ್ನೂ ಇಡಲಿಲ್ಲ. ಡಬ್ಬಿ ಇದ್ದದ್ದು ಕೊನೆಗೆ, ಪರಿಚಯದವರ ತೋಟದಲ್ಲಿ. ಇಂಥದ್ದಕ್ಕೆ ಹಲವು ನಿಲುಗಡೆಗಳನ್ನು ಹಿಂದೆ ಮುಂದೆ ಮಾಡಿ ದಾರಿ ಲೆಕ್ಕ ಹಾಕುವ ತಂತ್ರಾಂಶ ಬೇಕು. ಭೋಜದಿಂದ ಕಾರದಗಾ ಬದಿಗೆ ದಾಟುವ ಪೂಲು ನಾಲ್ಕನೆಯ ಪಾಠದ ಪಟ್ಟಿಯಲ್ಲಿದೆ, ಗಮನಿಸಿ.

ಪಂಚಾಂಗವನ್ನೂ ನೋಡಿ. ಮಾಘದ ಹುಣ್ಣಿಮೆಯ ಆಸುಪಾಸು ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯಗಳಿಂದ ಚಕ್ಕಡಿಗಳ ಸಾಲು ಬರುತ್ತದೆ. ಆ ದಿನಗಳಲ್ಲಿ ರಾಯಬಾಗ, ಕುಡಚಿ ಕಡೆಯ ರಸ್ತೆಗಳಿಗೆ ನಕಾಶೆ ಹೇಳುವ ವೇಳೆಯನ್ನು ಹಿಡಿಯಬೇಡಿ.

10. ತಿದ್ದಲು ಬಿಡುವ ನಕಾಶೆಯನ್ನು ಆರಿಸಿಕೊಂಡು, ತಿದ್ದಿ.

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದು. ಎಷ್ಟೋ ಕಾಲ ನಾನು ಅದರಿಂದ ತೆಗೆದುಕೊಂಡೆನೇ ಹೊರತು ಕೊಡಲಿಲ್ಲ. ದಾರಿ ತಪ್ಪಿದಾಗ ಬೇಸರಪಟ್ಟು ಮನೆಗೆ ಬರುತ್ತಿದ್ದೆ; ಮರುವಾರ ಇನ್ನೊಬ್ಬರು ಅದೇ ಜಾಗದಲ್ಲಿ ದಾರಿ ತಪ್ಪುತ್ತಿದ್ದರು. ಆ ಬಾವಿಯ ಗಾಡಿ ಹಾದಿಯನ್ನು ಕೊನೆಗೊಮ್ಮೆ ನಡೆದು, ಜಾಡು ದಾಖಲಿಸಿ, ನಕಾಶೆಗೆ ಸೇರಿಸಿದೆ. ಕೆಲವು ದಿನಗಳ ಮೇಲೆ ಓಸ್‌ಮ್ಯಾಂಡ್‌ನ ಕಡತ ಹೊಸದಾಗಿ ಇಳಿಸಿಕೊಂಡ ಎಲ್ಲರ ಫೋನಿನಲ್ಲೂ ಅದು ಕಾಣತೊಡಗಿತು. ಅಂದು ನನಗಾದ ಸಂತೋಷ ಡಬ್ಬಿ ಸಿಕ್ಕಾಗಲೂ ಆಗಿರಲಿಲ್ಲ.

ಕೆಲವು ಎಚ್ಚರಗಳು. ಬೇರೆ ಕಂಪನಿಯ ನಕಾಶೆಯಿಂದ ನೋಡಿ ನಕಲು ಮಾಡುವಂತಿಲ್ಲ. ನೀವೇ ನಡೆದದ್ದು, ಕಂಡದ್ದು, ಅಥವಾ ಓಪನ್‌ಸ್ಟ್ರೀಟ್‌ಮ್ಯಾಪಿನವರು ಅನುಮತಿಸಿದ ಉಪಗ್ರಹ ಚಿತ್ರದಿಂದ ಬಿಡಿಸಿದ್ದು ಮಾತ್ರ. ಊರಿನ ಹೆಸರು ಕನ್ನಡದಲ್ಲಿ ಇಲ್ಲದಿದ್ದರೆ ಸೇರಿಸಿ; ಮರಾಠಿಯ ಹೆಸರು ಇದ್ದರೆ ಅದನ್ನು ಅಳಿಸಬೇಡಿ, ಎರಡಕ್ಕೂ ಜಾಗವಿದೆ. ಮುಳುಗುವ ಪೂಲುಗಳಿಗೆ ‘ಲೋ ವಾಟರ್ ಕ್ರಾಸಿಂಗ್’, ನೀರು ಬರುವ ರಸ್ತೆಗಳಿಗೆ ‘ಫ್ಲಡ್ ಪ್ರೋನ್’ ಎಂಬ ಗುರುತುಗಳನ್ನು ಹಾಕಬಹುದು. ದಾರಿ ಲೆಕ್ಕ ಹಾಕುವ ಎಲ್ಲ ತಂತ್ರಾಂಶಗಳೂ ಅವನ್ನು ಗಮನಿಸುವುದಿಲ್ಲ. ಆದರೂ ಮಾಹಿತಿ ಅಲ್ಲಿದ್ದರೆ ಮುಂದೆ ಗಮನಿಸುವ ತಂತ್ರಾಂಶ ಬಂದಾಗ ಕೆಲಸಕ್ಕೆ ಬರುತ್ತದೆ, ಪೂಲನ್ನು ಮುಟ್ಟಿ ನೋಡಿದವರಿಗೆ ಇಂದೇ ತಿಳಿಯುತ್ತದೆ. ಬರೆಯಲು ಕಷ್ಟವೆನ್ನುವವರಿಗೆ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಇದೆ. ಅದು ನಾವು ನಿಂತ ಜಾಗದ ಬಗ್ಗೆ ಸಣ್ಣ ಪ್ರಶ್ನೆ ಕೇಳುತ್ತದೆ: ಈ ರಸ್ತೆ ಡಾಂಬರಿನದೋ ಮಣ್ಣಿನದೋ? ನಮ್ಮ ಹುಡುಗರು ಇದರಿಂದಲೇ ಶುರುಮಾಡಿದರು.

ನಿಪ್ಪಾಣಿ, ಚಿಕ್ಕೋಡಿ ಕಡೆಯ ಪೂಲುಗಳನ್ನು ನಾವು ಸಾಧ್ಯವಾದಷ್ಟು ಗುರುತಿಸಿದ್ದೇವೆ. ಬಾಕಿ ಉಳಿದಿರುವುದು ಕಾಗವಾಡ ತಾಲ್ಲೂಕಿನ ಮಂಗಸೂಳಿ, ಐನಾಪುರ ಸುತ್ತಿನ ತೋಟದ ಹಾದಿಗಳು, ಅಥಣಿಯ ಪೂರ್ವದ ಮಡ್ಡಿಯ ಊರುಗಳು. ಕಟಾವು ಮುಗಿಯುತ್ತ ಬಂದಂತೆ ಅಲ್ಲಿ ಜಾಡು ದಾಖಲಿಸುವ ಕೆಲಸ ಇಟ್ಟುಕೊಂಡಿದ್ದೇವೆ. ಆ ಊರುಗಳವರು ಬೈಕಿನಲ್ಲಿ ಹೊಲಕ್ಕೆ ಹೋಗುವಾಗ ಫೋನಿನಲ್ಲಿ ಜಾಡು ದಾಖಲೆಯನ್ನು ಚಾಲೂ ಇಟ್ಟುಕೊಂಡು ಹೋದರೂ ಸಾಕು. ನಕಾಶೆಗೆ ಸೇರಿಸುವುದನ್ನು ಜೊತೆಯಲ್ಲಿ ಕೂತು ತೋರಿಸಿಕೊಡುತ್ತೇವೆ.